ಹದಿನೆಂಟನೇ ಗೇಜು

ದುದ್ದ ರಸ್ತೆಯ ನರ್ಸರಿಯಲ್ಲಿ
ನೀರಿನ ತೊಟ್ಟಿಯ ಹಿಂದೆ, ಒಡೆದ ಕುಂಡಗಳ ಆಚೆ
ಯಾರೂ ಕೇಳದ ಹನ್ನೊಂದು ಬಸರಿ ಗಿಡ.
ಸಾಲುಮರಕ್ಕೆಂದು ಇಲಾಖೆಯವರು ಬರೆಸಿ
ಒಯ್ಯದೆ ಬಿಟ್ಟವು.
ಕರೀ ಪ್ಲಾಸ್ಟಿಕ್ಕು ಹರಿದು ಬೇರು ಹೊರಗೆ,
ಎಲೆ ಹಳದಿ, ಕಾಂಡ ಮಾತ್ರ ಹೆಬ್ಬೆರಳಿನ ದಪ್ಪ.

"ಇವನ್ನೇನ್ ಮಾಡ್ತೀರಾ, ಕರಿಬೇವು ತಗೊಂಡೋಗಿ"
ಅಂದಳು ಸಣ್ಣತಾಯಮ್ಮ.
ನಾನು ಮಣ್ಣು ಕೆದಕಿ ಬುಡ ನೋಡುತ್ತಿದ್ದೆ
ದನದ ಸಂತೆಯಲ್ಲಿ ಹಲ್ಲು ಎಣಿಸುವವರ ಹಾಗೆ.
ಏಳಕ್ಕೆ ಬುಡವೇ ಇಲ್ಲ, ಗೂಟ ಹುಗಿದಂತೆ.
ಎಂಟನೆಯದಕ್ಕೆ
ಬೇರು ಮೂರು ಕಡೆ ಚಾಚಿತ್ತು,
ನಾಲ್ಕನೇ ಕಡೆಗೆ ಯಾಕೋ ಮನಸ್ಸು ಮಾಡಿರಲಿಲ್ಲ.
ಇಪ್ಪತ್ತೈದು ರೂಪಾಯಿ. ನಾನು ಚೌಕಾಸಿ ಮಾಡಲಿಲ್ಲ.
ಅವಳಿಗೇ ನಾಚಿಕೆಯಾಗಿ
ಒಂದು ಕರಿಬೇವು ಪುಕ್ಕಟೆ ಕೊಟ್ಟಳು.

ನನ್ನದು ಮೋಟಾರ್ ರೀವೈಂಡಿಂಗ್,
ಸಂತೆಪೇಟೆಯಲ್ಲಿ, ಬೇಕರಿಯ ಪಕ್ಕ.
ಸುಟ್ಟ ಮೋಟಾರಿನ ಕರುಳು ಬಗೆದು, ಹೊಸದು ಸುತ್ತಿ,
ಹೋಗು, ಮತ್ತೆ ನೀರೆತ್ತು ಅಂತ ಕಳಿಸುವವನು.

ಮೊದಲು ಗರಗಸ.
ಮೂರಡಿಯ ಗಿಡ ಒಂದು ಗೇಣಿಗೆ ಇಳಿಯಿತು.
ಹಾಲು ಸುರಿಯಿತು; ಒರೆಸಿ ಬೂದಿ ಮೆತ್ತಿದೆ.
"ಸಾಯಿಸ್ಬಿಟ್ರಿ ಅಣ್ಣ" ಅಂದ ಅಂಗಡಿಯ ಹುಡುಗ ಮಾದೇಶ.
ಇಪ್ಪತ್ತಾರು ದಿನ ನಾನೂ ಹಾಗೇ ಅಂದುಕೊಂಡಿದ್ದೆ.
ಮಾರನೇ ಬೆಳಿಗ್ಗೆ, ಕೊಯ್ದ ಅಂಚಿನ ಕೆಳಗೆ
ಅಕ್ಕಿಕಾಳಿನಷ್ಟು ಕೆಂಪು.

ಬೇಕರಿಯವರ ಹಳೇ ಬನ್ ಟ್ರೇಗೆ ತೂತು ಕೊರೆದು
ಇಟ್ಟಿಗೆ ಚೂರು ಜರಡಿ ಹಿಡಿದು ತುಂಬಿದೆ.
ಬೇರು ಬಿಡಿಸಲು ಹೆಂಡತಿಯ ಬಾಚಣಿಗೆ.
ಆ ಕತೆ ಬೇರೆ.

ಕೊಂಬೆ ಬಗ್ಗಿಸಲು ತಂತಿ ಬೇಕು.
ತಂತಿಗೇನು ಬರ ನನಗೆ?
ಶಾಂತಿಗ್ರಾಮದ ಕಡೆಯ ಕೊಳವೆಬಾವಿಯಲ್ಲಿ
ಆರುನೂರು ಅಡಿ ಕೆಳಗೆ ಮೂರು ವರ್ಷ ಇದ್ದು ಬಂದ
ತಾಮ್ರ, ಹದಿನೆಂಟನೇ ಗೇಜು.
ಒಮ್ಮೆ ಬೆಂದ ತಾಮ್ರ ಮೆತ್ತಗಿರುತ್ತದೆ,
ಹೇಳಿದ ಕಡೆ ಬಗ್ಗುತ್ತದೆ,
ಬಗ್ಗಿದ ಮೇಲೆ ಹಿಡಿದದ್ದು ಬಿಡುವುದಿಲ್ಲ.
ಕಾಯಿಲ್ ಸುತ್ತುವಾಗಿನಂತೆ ಬಾಯಲ್ಲೇ ಎಣಿಸಿದೆ:
ಹದಿನಾಲ್ಕು ಸುತ್ತು.

ಸುತ್ತುವುದು ಕೈಗೆ ಬರುತ್ತಿತ್ತು.
ಬಿಚ್ಚುವುದೆಂದರೆ ನಮ್ಮ ಕಸುಬಿನಲ್ಲಿ
ಉಳಿಯಿಟ್ಟು ಕಡಿದು ಎಳೆಯುವುದು.

ಆ ಬೇಸಿಗೆ ವೋಲ್ಟೇಜು ಬಿದ್ದು
ಸುತ್ತಲ ಹಳ್ಳಿಗಳ ಮೋಟಾರೆಲ್ಲ ನನ್ನ ಬಾಗಿಲಿಗೆ.
ರಾತ್ರಿ ಎರಡಕ್ಕೂ ವಾರ್ನಿಶ್ ವಾಸನೆ.
ಗಿಡಕ್ಕೆ ಮಾದೇಶ ನೀರು ಹಾಕಿದ,
ನೋಡಿದವರು ಯಾರೂ ಇಲ್ಲ.

ಮಳೆ ಹಿಡಿದು ಕೆಲಸ ಇಳಿದಾಗ ಹಿತ್ತಲಿಗೆ ಹೋದೆ.
ತಂತಿ ಕಾಣಲಿಲ್ಲ.
ಬಾತ ಬೆರಳಲ್ಲಿ ಉಂಗುರ ಹೂತಂತೆ
ತೊಗಟೆ ಎರಡೂ ಕಡೆಯಿಂದ ಉಕ್ಕಿ ಮುಚ್ಚಿಕೊಳ್ಳುತ್ತಿತ್ತು.
ಎಳೆಯಲಿಲ್ಲ. ಉಳಿ ಮುಟ್ಟಲಿಲ್ಲ.
ಹೆಂಡತಿಯ ಉಗುರುಕಟ್ಟರಿನಲ್ಲಿ
(ಬಾಚಣಿಗೆಯ ಜಗಳ ಆಗಿನ್ನೂ ಆರಿರಲಿಲ್ಲ)
ಅಕ್ಕಿಯಷ್ಟಕ್ಕಿಷ್ಟು ತುಂಡರಿಸಿ ತೆಗೆದೆ.
ಕತ್ತಲಾಗುವ ಹೊತ್ತಿಗೆ ಹದಿಮೂರು ಸುತ್ತು ಬಂತು.
ಇನ್ನೊಂದು ಒಳಗೇ ಉಳಿಯಿತು.

ಒಂಬತ್ತು ವರ್ಷವಾಯಿತು.
ಕೊಂಬೆಯ ಮೇಲೆ ಈಗಲೂ ಸುರುಳಿ ಗಾಯ,
ಮುಟ್ಟಿದರೆ ಸ್ಕ್ರೂ ಮರೆಯಂತೆ ಸಿಗುತ್ತದೆ.
ಗಾಯದ ಆಚೆ ಮರ ಹಾಯಾಗಿದೆ,
ಎಲೆ ಸಣ್ಣದಾಗಿವೆ, ಚಿಗುರು ಕೆಂಪಗೇ ಬರುತ್ತದೆ.

ಹೋದ ವಾರ ಸಣ್ಣತಾಯಮ್ಮ ಆಟೋದಲ್ಲಿ
ಅರ್ಧ ಎಚ್‌ಪಿ ಮೋಟಾರು ತಂದಳು.
ಟ್ರೇ ಕಡೆ ನೋಡಿ, "ಇದ್ಯಾವ್ ಗಿಡ?"
"ನಿಮ್ದೇ. ಎಂಟನೇದು."
ನಂಬಲಿಲ್ಲ. ಎಲೆ ಕಿತ್ತು ಹಾಲು ನೋಡಿ ನಂಬಿದಳು.

"ಉಳಿದ ಹತ್ತು?"
"ಒಂಬತ್ತು ಒಣಗ್ದೋ. ಇನ್ನೊಂದು
ಹಾಕಿದ್ ಜಾಗದಲ್ಲೇ ಬೇರು ಬಿಟ್ಟು
ಆಳುದ್ದ ನಾಲ್ಕಾಯ್ತು, ತೊಟ್ಟಿ ಗೋಡೆ ಸೀಳ್ತು.
ನೀರೆಲ್ಲ ಸೋರಿ, ಹಗಲೂ ರಾತ್ರಿ ಓಡೀ ಓಡೀ
ಮೋಟ್ರು ಸುಟ್ಟೋಯ್ತು.
ನೆರಳೇನೋ ಚೆನ್ನಾಗೈತೆ ಬಿಡಿ."

ಹೊಸ ತಂತಿ ಸುತ್ತಿಕೊಟ್ಟೆ.
ಬಿಲ್ಲಿನಲ್ಲಿ ಇಪ್ಪತ್ತೈದು ಕಮ್ಮಿ ಬರೆದೆ.
ಈ ಸಲ ಅವಳೂ ಚೌಕಾಸಿ ಮಾಡಲಿಲ್ಲ.